ಬೀಳುವುದೂ ಒಂದು ಕಷ್ಟದ ಕೆಲಸ

2025ರ ಜನವರಿ 18, ಶನಿವಾರ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಆಕಾಶದಿಂದ ಯಂತ್ರದ ಪೆಟ್ಟಿಗೆಯೊಂದು ಇಳಿಯಿತು. ಅದರ ಬೆನ್ನಿಗೆ ಭಾರೀ ಬಲೂನಿನ ತೆಳು ಹಾಳೆ. ಊರು ನೆರೆಯಿತು, ಪೊಲೀಸರು ಬಂದರು, ಮೊಬೈಲುಗಳು ಮೇಲೆದ್ದವು. ಹೈದರಾಬಾದಿನಲ್ಲಿ ಕೂತ ನನಗೂ ಆ ಕಡೆಯ ನೆಂಟರ ಹುಡುಗನಿಂದ ಫೋನು ಬಂತು.

"ಮಾಮಾ, ನಿಮ್ಮ ಹೈದರಾಬಾದಿನೋರು ಏನೋ ಒಗದಾರಂತ, ನಮ್ ಕಡಿ ಬಂದ್ ಬಿದ್ದದ. ಏನ್ರೀ ಅದು?"

"ಒಗದಿಲ್ಲೋ ತಮ್ಮಾ, ಮ್ಯಾಲ ಬಿಟ್ಟಿದ್ರು. ಬೀಳೋದೂ ಅದರ ಕೆಲಸನೇ."

ಜಲಸಂಗ್ವಿ ಎಂದೂ ಬರೆಯುವ ಈ ಊರು ಇತಿಹಾಸ ಓದಿದವರಿಗೆ ಹೊಸದಲ್ಲ. ಇಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿದ್ದಾಳೆ. ಒಂಬೈನೂರು ವರ್ಷ ದಾಟಿದರೂ ಅವಳು ತಿರುಗಿ ನೋಡಿಲ್ಲ. ಬಲೂನು ಬಿದ್ದಾಗಲೂ ನೋಡಿರಲಿಕ್ಕಿಲ್ಲ.

ಆ ಬಲೂನು ಹೊರಟದ್ದು ಹೈದರಾಬಾದಿನ ಇಸಿಐಎಲ್ ಬಳಿಯಿರುವ ಟಿಐಎಫ್‌ಆರ್ ಬಲೂನು ಕೇಂದ್ರದಿಂದ. ಟಿಐಎಫ್‌ಆರ್ ಅಂದರೆ ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಭಾಭಾ ಮೊದಲು ಬಲೂನು ಹಾರಿಸಿದ್ದು ಬೆಂಗಳೂರಿನಿಂದ, 1940ರ ದಶಕದಲ್ಲಿ, ಅವರು ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ. ಆಗ ಅವರ ಗುರಿ ವಿಶ್ವಕಿರಣಗಳು. ಆಮೇಲೆ ಕೆಲಸ ಹೈದರಾಬಾದಿಗೆ ಬಂತು, 1969ರ ಹೊತ್ತಿಗೆ ಕಾಯಂ ಕೇಂದ್ರವೇ ನಿಂತಿತು. ಬಲೂನಿನ ಪಾಲಿಥಿಲೀನ್ ಹಾಳೆಗಳನ್ನು ಬೆಸೆದು ಬಲೂನು ಮಾಡುವ ಕೆಲಸವೂ ಅಲ್ಲೇ. ಒಳಗೆ ತುಂಬುವುದು ಹೈಡ್ರೋಜನ್. ನೆಲದ ಗಾಳಿ ಶಾಂತವಾಗಿರುವ ಹೊತ್ತು ನೋಡಿ ಬಿಡುತ್ತಾರೆ. ಉಷ್ಣವಲಯದ ಆಕಾಶದಲ್ಲಿ ಹದಿನಾರು ಹದಿನೇಳು ಕಿಲೋಮೀಟರಿನ ಆಸುಪಾಸು ಮೈನಸ್ 80 ಡಿಗ್ರಿಯ ಚಳಿಯಿದೆ. ಸಾದಾ ಪ್ಲಾಸ್ಟಿಕ್ ಅಲ್ಲಿ ಹಪ್ಪಳದಂತೆ ಮುರಿಯುತ್ತದೆ, ಅದಕ್ಕೇ ಬೇರೆ ಹದದ ಹಾಳೆ ಬೇಕು. ಅದನ್ನು ದಾಟಿ 31-32 ಕಿಲೋಮೀಟರ್ ಮುಟ್ಟಿದರೆ ಭೂಮಿಯ ಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕಾಲ ಕೆಳಗಿರುತ್ತದೆ. ಕೆಲಸ ಮುಗಿದ ಮೇಲೆ ದಾರ ಕಡಿಯುವ ಆಜ್ಞೆ ಹೋಗುತ್ತದೆ, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಎಲ್ಲಿ? ಅದು ಗಾಳಿಯ ಮರ್ಜಿ. ತೆಲಂಗಾಣವಾದೀತು, ಮಹಾರಾಷ್ಟ್ರವಾದೀತು, ನಮ್ಮ ತೊಗರಿ ಹೊಲವೂ ಆದೀತು. "ಪೆಟ್ಟಿಗೆ ಸಿಕ್ಕರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ" ಎಂಬ ಪ್ರಕಟಣೆ ಅದಕ್ಕೇ ಬರುವುದು.

ಜಲಸಂಗಿಯ ಪೆಟ್ಟಿಗೆಯ ಕತೆ ಬೇರೆ. ನಾನು ಹೇಳಹೊರಟದ್ದು ಇದೇ ಅಂಗಳದಿಂದ ಎಷ್ಟೋ ಸಲ ಮೇಲೇರಿ ಇಳಿದ ಇನ್ನೊಂದು ಯಂತ್ರದ ಬಗ್ಗೆ, ಅದು ನೋಡಹೋದ ಇನ್ನೊಂದು ಬೀಳುವಿಕೆಯ ಬಗ್ಗೆ. ಆ ಯಂತ್ರ ಟಿಐಎಫ್‌ಆರ್‌ನ ನೂರು ಸೆಂಟಿಮೀಟರ್ ಅವಗೆಂಪು ದೂರದರ್ಶಕ. ಆ ಬೀಳುವಿಕೆ, ಹುಟ್ಟುತ್ತಿರುವ ನಕ್ಷತ್ರದ ಮೇಲೆ ಅನಿಲ ಸುರಿಯುವುದು.

ನಕ್ಷತ್ರ ಹುಟ್ಟುವುದು ಹೇಗೆ ಎಂದು ಕೇಳಿದರೆ ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ: ಅನಿಲದ ಮೋಡ ಗುರುತ್ವದಿಂದ ಕುಸಿದು ನಕ್ಷತ್ರವಾಗುತ್ತದೆ. ಕುಸಿಯುವುದಕ್ಕೇನು, ಯಾರಾದರೂ ಕುಸಿಯುತ್ತಾರೆ ಅನ್ನುವ ಧಾಟಿ. ವಿಷಯಕ್ಕೆ ಕೈ ಹಾಕಿದವರಿಗೆ ಗೊತ್ತು, ಈ ಕತೆಯಲ್ಲಿ ಅತಿ ಕಷ್ಟದ ಕೆಲಸವೇ ಬೀಳುವುದು. ಅನಿಲಕ್ಕೆ ಮೂರು ಋಣಗಳಿವೆ. ಶಾಖದ್ದು ಒಂದು, ತಿರುಗಣೆಯದು ಒಂದು, ಕಾಂತಕ್ಷೇತ್ರದ್ದು ಇನ್ನೊಂದು. ಇವನ್ನು ತೀರಿಸದೆ ಅದು ಒಂದು ಹೆಜ್ಜೆಯೂ ಕೆಳಗಿಳಿಯಲಾರದು.

ಮೊದಲು ಶಾಖ. ಅನಿಲ ಹಿಂಡಿದಷ್ಟೂ ಕಾಯುತ್ತದೆ, ಕಾದಷ್ಟೂ ಹಿಗ್ಗುತ್ತದೆ. ಸೈಕಲ್ ಪಂಪಿನ ಮೂತಿ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಮೋಡ ಕುಗ್ಗಬೇಕಾದರೆ ಹುಟ್ಟಿದ ಶಾಖವನ್ನು ಹೊರಗೆ ಚೆಲ್ಲುತ್ತಲೇ ಇರಬೇಕು. ಹೈದರಾಬಾದಿನ ಬೇಸಿಗೆಯಲ್ಲಿ ಮಣ್ಣಿನ ಸುರಾಹಿ ನೀರನ್ನು ಹೇಗೆ ತಂಪಾಗಿಡುತ್ತದೆ? ಬೆವರಿ. ಮೋಡವೂ ಬೆವರುತ್ತದೆ. ಅದರ ಬೆವರು ಬೆಳಕು, ಆದರೆ ಕಣ್ಣಿಗೆ ಕಾಣುವ ಬೆಳಕಲ್ಲ. ಮೋಡದ ಅಂಚಿನಲ್ಲಿ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಪರಮಾಣುಗಳು 158 ಮೈಕ್ರಾನ್ ಉದ್ದದ ಅಲೆಯಲ್ಲಿ ಈ ಶಾಖವನ್ನು ಹೊರಗೆ ಹಾಕುತ್ತವೆ. ಒಳಗೆ ಹೋದಂತೆ ಆ ಕೆಲಸ ಕಾರ್ಬನ್ ಮಾನಾಕ್ಸೈಡ್ ಮತ್ತು ದೂಳಿನ ಕಣಗಳ ಪಾಲಿಗೆ. ಹೀಗೆ ಬೆವರಿ ಬೆವರಿ ಮೋಡದ ಗರ್ಭ ಮೈನಸ್ 263 ಡಿಗ್ರಿಯ ಹತ್ತಿರಕ್ಕೆ ಬಂದಾಗ ಗುರುತ್ವಕ್ಕೆ ಅದರ ಮೇಲೆ ಹಿಡಿತ ಸಿಗುತ್ತದೆ. ಉರಿಯುವ ನಕ್ಷತ್ರದ ತೊಟ್ಟಿಲು ನಾವು ಊಹಿಸಬಹುದಾದ ಯಾವ ಹಿಮಕ್ಕಿಂತಲೂ ತಣ್ಣಗಿರುತ್ತದೆ.

ಈ ಬೆವರನ್ನು ಹೈದರಾಬಾದಿನ ನೆಲದ ಮೇಲೆ ನಿಂತು ನೋಡಲಾಗದು. ನಮ್ಮ ಗಾಳಿಯಲ್ಲಿರುವ ನೀರಿನ ಆವಿ ಆ ಅಲೆಗಳನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ಬಲೂನು. 1980ರ ದಶಕದಿಂದ ಈ ದೂರದರ್ಶಕ ಹೈದರಾಬಾದಿನಿಂದ ಏರಿ ನಕ್ಷತ್ರಗಳು ಹುಟ್ಟುವ ಜಾಗಗಳ ನಕ್ಷೆ ಬರೆಯುತ್ತ ಬಂದಿದೆ. 150 ಮತ್ತು 210 ಮೈಕ್ರಾನಿನ ಸುತ್ತ ತಣ್ಣನೆ ದೂಳನ್ನು ನೋಡುವ ಅದರ ಸಂವೇದಕಗಳನ್ನು ಹೀಲಿಯಂ-3 ಬಳಸಿ ಶೂನ್ಯ ಕೆಲ್ವಿನ್‌ಗಿಂತ ಬರೀ 0.3 ಡಿಗ್ರಿ ಮೇಲೆ ಇಡಬೇಕಾಗುತ್ತಿತ್ತು. ತಣ್ಣನೆಯ ಮೋಡದ ಪಿಸುಮಾತು ಕೇಳಬೇಕಾದರೆ ಕಿವಿ ಅದಕ್ಕಿಂತಲೂ ತಣ್ಣಗಿರಬೇಕು, ಇಲ್ಲದಿದ್ದರೆ ತನ್ನದೇ ಗದ್ದಲ ತನಗೆ ಕೇಳಿಸುತ್ತದೆ. 1999ರಿಂದ ಜಪಾನಿನ ವಿಜ್ಞಾನಿಗಳು ತಂದ, ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸುವ ರೋಹಿತಮಾಪಕವನ್ನು ಇದೇ ದೂರದರ್ಶಕಕ್ಕೆ ಕೂಡಿಸಿ 158 ಮೈಕ್ರಾನಿನ ಆ ಕಾರ್ಬನ್ ಗೆರೆಯನ್ನೇ ಹಿಡಿಯತೊಡಗಿದರು. ಮಹಾವ್ಯಾಧ ನಕ್ಷತ್ರಪುಂಜದ ಮೋಡ, ಆರ್‌ಸಿಡಬ್ಲ್ಯು 36 ಎಂಬ ತೆಂಕಣ ಆಕಾಶದ ಗೂಡು, ಹೀಗೆ ಒಂದೊಂದಾಗಿ. ತೆಂಕಣದ ಎಷ್ಟೋ ಗೂಡುಗಳು ಹದಿನೇಳು ಡಿಗ್ರಿ ಅಕ್ಷಾಂಶದ ಹೈದರಾಬಾದಿಗೆ ಚೆನ್ನಾಗಿ ಕಾಣುತ್ತವೆ. ಯುರೋಪಿನ ಬಲೂನುಗಳಿಗೆ ಆ ಭಾಗ್ಯವಿಲ್ಲ.

ಎರಡನೇ ಋಣ ತಿರುಗಣೆಯದು. ಮೋಡದ ಗರ್ಭ ಬಹಳ ನಿಧಾನ, ಹತ್ತಾರು ಲಕ್ಷ ವರ್ಷಕ್ಕೊಂದು ಸುತ್ತು. ಆದರೆ ಅದು ನಕ್ಷತ್ರದ ಗಾತ್ರಕ್ಕೆ ಇಳಿಯಬೇಕಾದರೆ ಅಡ್ಡಗಲ ಲಕ್ಷಾಂತರ ಪಟ್ಟು ಕುಗ್ಗಬೇಕು. ಗಿರಕಿ ಹೊಡೆಯುವ ಹುಡುಗಿ ಚಾಚಿದ ಕೈಗಳನ್ನು ಎದೆಗೆ ಎಳೆದುಕೊಂಡರೆ ಬಿರುಸಾಗುತ್ತಾಳಲ್ಲ, ಅದೇ ಲೆಕ್ಕ ಹಾಕಿದರೆ ನಿಮಿಷಕ್ಕೊಂದು ಸುತ್ತು ಎಂಬಂಥ ವೇಗ ಬರುತ್ತದೆ. ಅಷ್ಟು ವೇಗಕ್ಕೆ ಬಹಳ ಮೊದಲೇ ನಕ್ಷತ್ರ ಚೂರಾಗುತ್ತದೆ. ಹಾಗಾಗಿ ಅನಿಲ ನೇರ ಬೀಳದೆ ನಕ್ಷತ್ರದ ಸುತ್ತ ತಟ್ಟೆಯಾಗಿ ಹರಡಿ ಸುತ್ತತೊಡಗುತ್ತದೆ. ನಮ್ಮ ಗ್ರಹಗಳೂ ಇಂಥದೇ ಒಂದು ತಟ್ಟೆಯ ಉಳಿಕೆ.

ಅಜ್ಜಿಯ ಬೀಸುಕಲ್ಲು ನೆನಪಿರುವವರಿಗೆ ಈ ತಟ್ಟೆ ಅರ್ಥವಾಗುವುದು ಸುಲಭ. ಬೀಸುಕಲ್ಲಿನಲ್ಲಿ ಜೋಳ ನಡುವಿನ ಬಾಯಿಗೆ ಬೀಳುತ್ತದೆ, ಹಿಟ್ಟು ಅಂಚಿಗೆ ಬರುತ್ತದೆ. ಇಲ್ಲಿ ತಿರುವು ಮುರುವು: ಅಂಚಿನಿಂದ ಸರಕು ನಡುವಿಗೆ ಹೋಗುತ್ತದೆ. ಆದರೆ ತಿಕ್ಕಾಟ ಒಂದೇ. ಬೀಸಿದ ಹಿಟ್ಟು ಬೆಚ್ಚಗಿರುವಂತೆ ತಟ್ಟೆಯ ಅನಿಲವೂ ಕಾಯುತ್ತದೆ. ಒಳ ಉಂಗುರ ವೇಗವಾಗಿ, ಹೊರ ಉಂಗುರ ನಿಧಾನವಾಗಿ ಸುತ್ತುವುದರಿಂದ ಒಳಗಿನದು ತನ್ನ ತಿರುಗಣೆಯನ್ನು ಹೊರಗಿನದಕ್ಕೆ ದಾಟಿಸಿ ಒಂದಿಷ್ಟು ಜಾರುತ್ತದೆ. ಎಲ್ಲ ಸರಿ, ಆದರೆ ಇಷ್ಟು ತೆಳುವಾದ ಅನಿಲದಲ್ಲಿ ತಿಕ್ಕಾಟ ಎಲ್ಲಿಂದ ಬಂತು? ಇದಕ್ಕೆ ಉತ್ತರದ ತುಣುಕು 1960ರಲ್ಲೇ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬರೆದಿಟ್ಟಿದ್ದರು. ಅವರಿಗಿಂತ ಒಂದು ವರ್ಷ ಮೊದಲು ರಷ್ಯದ ವೆಲಿಖೋವ್ ಕೂಡ. ಒಂದರೊಳಗೊಂದು ಸುತ್ತುವ ದ್ರವದ ಪದರಗಳಿಗೆ ಸಣ್ಣ ಕಾಂತಕ್ಷೇತ್ರ ಸೋಕಿದರೂ ಹರಿವು ಕದಡಿಹೋಗುತ್ತದೆ ಎಂಬ ಗಣಿತ ಅದು. ನಕ್ಷತ್ರದ ತಟ್ಟೆಗೆ ಇದು ಹೊಂದುತ್ತದೆ ಎಂದು ಬಾಲ್ಬಸ್ ಮತ್ತು ಹಾಲಿ ತೋರಿಸುವ ಹೊತ್ತಿಗೆ 1991 ಬಂದಿತ್ತು. ಮೂವತ್ತು ವರ್ಷ ಒಂದು ಒಳ್ಳೆಯ ಉತ್ತರ ಪ್ರಶ್ನೆಗಾಗಿ ಕಾದು ಕೂತಿತ್ತು ಅನ್ನಬೇಕು. ತಿರುಗಣೆಯ ಇನ್ನೊಂದು ಪಾಲು ಧ್ರುವಗಳ ಕಡೆಯಿಂದ ಚಿಮ್ಮುವ ಕಾರಂಜಿಗಳಲ್ಲಿ ಹೊರಗೆ ಹೋಗುತ್ತದೆ. ಬೀಳುವ ಅನಿಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಹೀಗೆ ತಿರುಗಿ ಹೊರಬೀಳುತ್ತದೆ. ಸುಂಕ ಕಟ್ಟದೆ ಇಲ್ಲಿ ಯಾರಿಗೂ ಒಳಗೆ ಪ್ರವೇಶವಿಲ್ಲ.

ಮೂರನೇ ಋಣ ಕಾಂತಕ್ಷೇತ್ರದ್ದು, ಇಲ್ಲಿಂದ ಮುಂದಿನದೇ ನನಗೆ ಇಡೀ ಕತೆಯ ರುಚಿಯಾದ ಭಾಗ. ತಟ್ಟೆ ಜಾರುತ್ತ ಜಾರುತ್ತ ನಕ್ಷತ್ರದ ಸೊಂಟಕ್ಕೆ ತಗುಲಿಕೊಂಡೇ ಬಿಡುತ್ತದೆ ಎಂದು 1970ರ ದಶಕದಲ್ಲಿ ಭಾವಿಸಿದ್ದರು. ಹಾಗಾಗುವುದಿಲ್ಲ. ಎಳೆಯ ನಕ್ಷತ್ರದ ಕಾಂತಕ್ಷೇತ್ರ ಸಾವಿರ, ಎರಡು ಸಾವಿರ ಗಾಸ್. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ನಮ್ಮ ಭೂಮಿಯದು ಬರೀ ಅರ್ಧ ಗಾಸಿನ ಆಸುಪಾಸು. ನಕ್ಷತ್ರದ ತ್ರಿಜ್ಯದ ಐದು ಪಟ್ಟು ದೂರದ ಆಸುಪಾಸಿನಲ್ಲಿ ಈ ಕ್ಷೇತ್ರ ತಟ್ಟೆಗೆ ಅಡ್ಡ ನಿಲ್ಲುತ್ತದೆ. "ಇಲ್ಲಿಗೆ ನಿನ್ನ ಸುತ್ತಾಟ ಸಾಕು." ಅಲ್ಲಿಂದ ಅನಿಲ ತಟ್ಟೆ ಬಿಟ್ಟು ಕಾಂತರೇಖೆಗಳನ್ನು ಹಿಡಿದು, ಕಮಾನಿನಂತೆ ಮೇಲೆದ್ದು, ನಕ್ಷತ್ರದ ಧ್ರುವಗಳ ಹತ್ತಿರ ಸುರಿಯುತ್ತದೆ. ನ್ಯೂಟ್ರಾನ್ ನಕ್ಷತ್ರಗಳ ಮೇಲೆ ಅನಿಲ ಹೀಗೆ ಇಳಿಯುವ ಬಗೆಯನ್ನು 1979ರಲ್ಲಿ ಪ್ರಣಬ್ ಘೋಷ್ ಮತ್ತು ಫ್ರೆಡರಿಕ್ ಲ್ಯಾಂಬ್ ಬಿಡಿಸಿ ಹೇಳಿದ್ದರು. ಅದೇ ಎಳೆಯನ್ನು 1991ರಲ್ಲಿ ಆರಿಯೆ ಕ್ಯೋನಿಗ್ಲ್ ಹಸುಳೆ ನಕ್ಷತ್ರಗಳಿಗೆ ತಂದರು. ಸತ್ತ ನಕ್ಷತ್ರದ ಪಾಠ ಹುಟ್ಟುವ ನಕ್ಷತ್ರಕ್ಕೆ!

ಈ ಕೊನೆಯ ಇಳಿಜಾರಿನಲ್ಲಿ ಅನಿಲ ಹೇಗಿರುತ್ತದೆ? ಏಳರಿಂದ ಹತ್ತು ಸಾವಿರ ಡಿಗ್ರಿಯಷ್ಟು ಬಿಸಿ. ದಟ್ಟಣೆ ಮಾತ್ರ ನಾವು ಅಂದುಕೊಳ್ಳುವಂತಿಲ್ಲ. ಒಂದು ಘನ ಸೆಂಟಿಮೀಟರಿನಲ್ಲಿ ಲಕ್ಷ ಕೋಟಿ ಕಣಗಳು ಅಂದರೆ ಬಹಳವೆನಿಸುತ್ತದೆ, ಆದರೆ ನಾವು ಉಸಿರಾಡುವ ಗಾಳಿ ಅದಕ್ಕಿಂತ ಕೋಟಿ ಪಟ್ಟಿಗೂ ಹೆಚ್ಚು ದಟ್ಟ. ಬಲೂನು ತೇಲುವ ಎತ್ತರದ ತೆಳುಗಾಳಿಯೂ ಅದರ ಮುಂದೆ ಗಟ್ಟಿ ಸಾರು. ಇಷ್ಟು ತೆಳುವಾದದ್ದು ಬೀಳುವ ವೇಗ ಸೆಕೆಂಡಿಗೆ ಸುಮಾರು ಮುನ್ನೂರು ಕಿಲೋಮೀಟರ್. ಹೈದರಾಬಾದಿನ ಕಾಚಿಗುಡದಲ್ಲಿ ಸಂಜೆ ಹತ್ತಿದ ರೈಲು ಬೆಂಗಳೂರು ಮುಟ್ಟಲು ರಾತ್ರಿಯಿಡೀ ಬೇಕು. ಈ ಅನಿಲಕ್ಕೆ ಎರಡು ಸೆಕೆಂಡು. ಆದರೂ ತಟ್ಟೆಯಿಂದ ನಕ್ಷತ್ರದ ಮೈ ಮುಟ್ಟಲು ಅದಕ್ಕೆ ಹೆಚ್ಚುಕಡಿಮೆ ಅರ್ಧ ದಿನ, ಮುಕ್ಕಾಲು ದಿನ ಹಿಡಿಯುತ್ತದೆ. ದೂರ ಅಷ್ಟಿದೆ.

ಮೈ ಮುಟ್ಟುವ ಗಳಿಗೆಯಲ್ಲಿ ಆ ವೇಗವೆಲ್ಲ ಒಮ್ಮೆಗೇ ಶಾಖವಾಗುತ್ತದೆ. ಅಲ್ಲೊಂದು ಆಘಾತದ ಅಲೆ ನಿಲ್ಲುತ್ತದೆ. ಅದರ ಹಿಂದೆ ಉಷ್ಣತೆ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ನಕ್ಷತ್ರದ ಉಳಿದ ಮೈ ನಾಲ್ಕು ಸಾವಿರ ಡಿಗ್ರಿಯ ಆಸುಪಾಸು ಮಾತ್ರ ಎಂಬುದನ್ನು ನೆನಪಿಡಿ. ಈ ಆಘಾತದಲ್ಲಿ ಹುಟ್ಟುವ ಕ್ಷ-ಕಿರಣಗಳಲ್ಲಿ ಅರ್ಧ ಕೆಳಗೆ ಹೋಗಿ ನಕ್ಷತ್ರದ ಚರ್ಮವನ್ನು ಸುಡುತ್ತವೆ, ಅರ್ಧ ಮೇಲೆ ಬಂದು ಇನ್ನೂ ಬೀಳುತ್ತಿರುವ ಅನಿಲವನ್ನೇ ಕಾಯಿಸುತ್ತವೆ. ಬೀಳುವ ಜಾಗ ನಕ್ಷತ್ರದ ಮೈಯಲ್ಲಿ ನೂರಕ್ಕೆ ಒಂದೆರಡು ಪಾಲು. ಅದು ಎಂಟು ಹತ್ತು ಸಾವಿರ ಡಿಗ್ರಿಯ ಬಿಸಿ ಮಚ್ಚೆಯಾಗಿ ಅತಿನೇರಳೆ ಬೆಳಕು ಕಾರುತ್ತದೆ. ನಕ್ಷತ್ರ ತಿರುಗಿದಂತೆ ಮಚ್ಚೆಯೂ ತಿರುಗಿ ಬೆಳಕು ಏರಿಳಿಯುತ್ತದೆ. ಸುತ್ತು ಒಂದು ವಾರದ ಲೆಕ್ಕದ್ದು. ಬೀಳುವ ಸರಕು ನಕ್ಷತ್ರವನ್ನು ಇನ್ನಷ್ಟು ಗಿರಗಿರ ತಿರುಗಿಸಬೇಕಿತ್ತು, ಆದರೆ ತಟ್ಟೆಗೆ ಕಟ್ಟಿಕೊಂಡ ಕಾಂತರೇಖೆಗಳೇ ಲಗಾಮಾಗಿ ಹಿಡಿದಿಡುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ.

ಪ್ರಮಾಣ ಎಷ್ಟು? ಸಾಧಾರಣ ಎಳೆಯ ನಕ್ಷತ್ರದ ಮೇಲೆ ವರ್ಷಕ್ಕೆ ಸೂರ್ಯನ ರಾಶಿಯ ಹತ್ತು ಕೋಟಿಯಲ್ಲೊಂದು ಪಾಲು ಬೀಳುತ್ತದೆ. ಬಿಡಿಸಿ ಹೇಳಿದರೆ ವರ್ಷಕ್ಕೆ ನಮ್ಮ ಚಂದ್ರನ ಕಾಲು ಭಾಗ. ಮುನ್ನೂರು ವರ್ಷಕ್ಕೆ ಒಂದು ಭೂಮಿ.

ನೂರಾರು ಜ್ಯೋತಿರ್ವರ್ಷ ದೂರದಲ್ಲಿ, ಯಾವ ದೂರದರ್ಶಕಕ್ಕೂ ಚುಕ್ಕಿಗಿಂತ ದೊಡ್ಡದಾಗಿ ಕಾಣದ ನಕ್ಷತ್ರದ ಮೇಲೆ ಅನಿಲ ಬೀಳುತ್ತಿದೆ ಎಂದು ಹೇಳುವ ಧೈರ್ಯ ಇವರಿಗೆ ಎಲ್ಲಿಂದ ಬಂತು ಎಂದು ಕೇಳಬಹುದು. ಕೇಳಲೇಬೇಕು. ಕಾಚಿಗುಡ ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ನಿಂತು ನಿಲ್ಲದೆ ಹೋಗುವ ಗಾಡಿಯ ಸಿಳ್ಳೆ ಕೇಳಿ. ಬರುವಾಗ ಕೀರಲು, ದಾಟಿ ಹೋಗುವಾಗ ದಪ್ಪ. ಬೆಳಕಿಗೂ ಅದೇ ನಿಯಮ. ನಮ್ಮಿಂದ ದೂರ ಸರಿಯುವ ಅನಿಲದ ಬಣ್ಣ ಕೆಂಪಿನ ಕಡೆ ಜಾರುತ್ತದೆ. ನಕ್ಷತ್ರಕ್ಕೂ ನಮಗೂ ನಡುವೆ ಇರುವ ಅನಿಲ ನಮ್ಮಿಂದ ದೂರ ಹೋಗುತ್ತಿದೆ ಎಂದಾದರೆ ಅದು ನಕ್ಷತ್ರದ ಮೇಲೆ ಬೀಳುತ್ತಿದೆ ಎಂದೇ ಅರ್ಥ. ಇಂಥ ಕೆಂಪು ಬದಿಯ ಕಪ್ಪು ಗೆರೆಗಳನ್ನು ಮಹಾವ್ಯಾಧದ ಕೆಲವು ನಕ್ಷತ್ರಗಳಲ್ಲಿ ಮೆರ್ಲ್ ವಾಕರ್ 1972ರಲ್ಲಿ ವರದಿ ಮಾಡಿದರು. ಜಾರುವಿಕೆ ಬರೀ ಸಾವಿರದಲ್ಲೊಂದು ಪಾಲು, ಆದರೆ ಒಳ್ಳೆಯ ರೋಹಿತಮಾಪಕಕ್ಕೆ ಅಷ್ಟು ಧಾರಾಳ ಸಾಕು.

ಇನ್ನೊಂದು ಸಾಕ್ಷಿ ಇರಾನಿ ಚಹಾದ ಕಪ್ಪಿನಲ್ಲಿದೆ. ಈ ನಕ್ಷತ್ರಗಳ ರೋಹಿತದಲ್ಲಿ ಇರಬೇಕಾದ ಕಪ್ಪು ಗೆರೆಗಳು ಇರಬೇಕಾದಷ್ಟು ಕಪ್ಪಾಗಿರುವುದಿಲ್ಲ. ಕಡು ಡಿಕಾಕ್ಷನ್ನಿಗೆ ಹಾಲು ಬಿದ್ದಂತೆ ಮಸುಕಾಗಿರುತ್ತವೆ. ಆ ಹಾಲು, ಬಿಸಿ ಮಚ್ಚೆಯ ಹೆಚ್ಚುವರಿ ಬೆಳಕು. ಬಣ್ಣ ಎಷ್ಟು ತಿಳಿಯಾಗಿದೆ ಎಂದು ನೋಡಿ ಎಷ್ಟು ಹಾಲು ಬಿದ್ದಿದೆ ಎಂದು ಹೇಳಬಹುದಲ್ಲ, ಹಾಗೇ ಗೆರೆ ಎಷ್ಟು ಮಸುಕಾಗಿದೆ ಎಂದು ಅಳೆದು ವರ್ಷಕ್ಕೆ ಎಷ್ಟು ಅನಿಲ ಬೀಳುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. 1945ರಲ್ಲಿ ಆಲ್ಫ್ರೆಡ್ ಜಾಯ್ ಇಂಥ ಹನ್ನೊಂದು ವಿಚಿತ್ರ ನಕ್ಷತ್ರಗಳನ್ನು ಒಟ್ಟುಗೂಡಿಸಿ, ವೃಷಭ ರಾಶಿಯ ಟಿ ಟೌರಿಯ ಹೆಸರನ್ನೇ ಇಡೀ ಗುಂಪಿಗೆ ಕೊಟ್ಟರು. ಅವು ಎಳೆಯವು, ಇನ್ನೂ ಉಣ್ಣುತ್ತಿವೆ ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಇಷ್ಟರ ಮೇಲೆ ಲೆಕ್ಕ ಸರಿಹೋಗಬೇಕಿತ್ತು. ಹೋಗಲಿಲ್ಲ. ಮೋಡದ ತಂಪು, ಗುರುತ್ವ ಇವೆರಡನ್ನು ಹಿಡಿದು ಫ್ರಾಂಕ್ ಶು 1977ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಂದು ಸೂರ್ಯ ತುಂಬಲು ಐದು ಲಕ್ಷ ವರ್ಷ ಸಾಕು. ಆದರೆ ಆ ಪ್ರಮಾಣದಲ್ಲಿ ಅನಿಲ ಸದಾ ಬೀಳುತ್ತಿದ್ದರೆ ಬಡಿತದ ಶಾಖದಿಂದಲೇ ಹಸುಳೆ ನಕ್ಷತ್ರ ಹತ್ತು ಸೂರ್ಯರಷ್ಟು ಬೆಳಗಬೇಕು. ಕಂಡದ್ದು ಒಂದು ಸೂರ್ಯನ ಆಸುಪಾಸು, ಎಷ್ಟೋ ಕಡೆ ಅದಕ್ಕೂ ಕಡಿಮೆ. 1990ರಲ್ಲಿ ಎದ್ದ ಈ ತಕರಾರು ಇನ್ನೂ ಪೂರ್ತಿ ಅಡಗಿಲ್ಲ. ಬಹುಪಾಲು ಒಪ್ಪಿದ ಉತ್ತರ ಇಷ್ಟು: ಅನಿಲ ಒಂದೇ ಸಮನೆ ಬೀಳುವುದಿಲ್ಲ. ಬಹುಕಾಲ ತೊಟ್ಟಿಕ್ಕುತ್ತದೆ, ನಡುವೆ ಒಮ್ಮೊಮ್ಮೆ ಪ್ರವಾಹ.

ಪ್ರವಾಹ ಎಂದರೆ ಹೈದರಾಬಾದಿಗೆ ಹೇಳಿಕೊಡಬೇಕಾಗಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ತೊಳೆದ ಮೇಲೆ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆ ಸರಳ: ನೀರು ಊರಿಗೆ ಬರುವ ಮೊದಲೇ ಮೇಲೆ ತಡೆದು ನಿಲ್ಲಿಸಿ, ನದಿ ತಡೆದುಕೊಳ್ಳುವಷ್ಟೇ ಬಿಡಿ. 1920ರಲ್ಲಿ ಗಂಡಿಪೇಟೆಯ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದದ್ದು ಹೀಗೆ. ನಕ್ಷತ್ರದ ತಟ್ಟೆಯೂ ಇಂಥ ಕೆರೆಯೇ, ಆದರೆ ಗೇಟು ಎತ್ತಲು ವಿಶ್ವೇಶ್ವರಯ್ಯ ಇಲ್ಲ. ಒಂದು ವಾದದ ಪ್ರಕಾರ ತಟ್ಟೆಯ ನಡುಭಾಗ ಎಷ್ಟು ತಣ್ಣಗಿರುತ್ತದೆಂದರೆ ಅಲ್ಲಿ ವಿದ್ಯುತ್ ಕಣಗಳೇ ಸಾಲವು, ಕಾಂತಕ್ಷೇತ್ರಕ್ಕೆ ಹಿಡಿಯಲು ಏನೂ ಸಿಗದು, ಚಂದ್ರಶೇಖರ್ ಹೇಳಿದ ಕದಡಾಟ ನಿಂತುಹೋಗುತ್ತದೆ. ಮೇಲಿನಿಂದ ಅನಿಲ ಬರುತ್ತಲೇ ಇರುತ್ತದೆ, ಇಲ್ಲಿ ಹೂಳಿನಂತೆ ಶೇಖರವಾಗುತ್ತದೆ. ಕೊನೆಗೆ ತನ್ನ ಭಾರಕ್ಕೆ ತಾನೇ ಕಾದು ಸಾವಿರ ಡಿಗ್ರಿಯ ಗಡಿ ದಾಟಿದಾಗ ಕಣಗಳು ವಿದ್ಯುತ್ ಪಡೆಯುತ್ತವೆ, ಹಿಡಿತ ಮರಳುತ್ತದೆ, ಗೇಟುಗಳೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತವೆ.

1936-37ರ ಚಳಿಗಾಲದಲ್ಲಿ ಮಹಾವ್ಯಾಧದ ಎಫ್‌ಯು ಓರಿಯೊನಿಸ್ ಎಂಬ ಮಂಕು ನಕ್ಷತ್ರ ಕೆಲವೇ ತಿಂಗಳಲ್ಲಿ ನೂರು ಪಟ್ಟಿಗೂ ಮೀರಿ ಬೆಳಗಿತು. ಈಗಲೂ ಅದು ಹೆಚ್ಚೇನೂ ಇಳಿದಿಲ್ಲ. ಅಲ್ಲಿ ವರ್ಷಕ್ಕೆ ಸೂರ್ಯನ ಹತ್ತು ಸಾವಿರದಲ್ಲೊಂದು ಪಾಲು ಬೀಳುತ್ತಿದೆ ಎಂ‌ದು ಅಂದಾಜು. ಹನ್ನೊಂದು ಹನ್ನೆರಡು ದಿನಕ್ಕೊಂದು ಭೂಮಿ! ಇಂಥ ಮಹಾಪೂರದ ಮುಂದೆ ನಕ್ಷತ್ರದ ಕಾಂತಕ್ಷೇತ್ರವೂ ಸೋತು, ತಟ್ಟೆ ನಕ್ಷತ್ರದ ಮೈವರೆಗೂ ನುಗ್ಗುತ್ತದೆ ಎನ್ನುತ್ತಾರೆ. 1970ರ ದಶಕದ ಆ ಹಳೆಯ ಕಲ್ಪನೆ ಪೂರ್ತಿ ತಪ್ಪಾಗಿರಲಿಲ್ಲ, ಜಾಗ ತಪ್ಪಿತ್ತು ಅಷ್ಟೆ.

ಇದರ ತಮ್ಮನಂಥ ಇನ್ನೊಂದರ ಕತೆಯಲ್ಲಿ ನಮ್ಮವರ ಪಾಲಿದೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಹವ್ಯಾಸಿ ಜೇ ಮೆಕ್‌ನೀಲ್ ಬರೀ ಮೂರು ಅಂಗುಲದ ದೂರದರ್ಶಕದಲ್ಲಿ ಮಹಾವ್ಯಾಧದಲ್ಲಿ ಹಿಂದೆ ಕಾಣದಿದ್ದ ನಿಹಾರಿಕೆಯೊಂದನ್ನು ಕಂಡರು. ಒಳಗಿನ ವಿ1647 ಓರಿಯೊನಿಸ್ ಎಂಬ ಹಸುಳೆ ನಕ್ಷತ್ರ ಒಮ್ಮೆಗೇ ಉಣ್ಣತೊಡಗಿ, ಆ ಬೆಳಕು ಸುತ್ತಣ ದೂಳಿನ ಮೇಲೆ ಬಿದ್ದಿತ್ತು. ಎರಡು ವರ್ಷಕ್ಕೆ ಆರಿತು, 2008ರಲ್ಲಿ ಮತ್ತೆ ಹತ್ತಿಕೊಂಡಿತು. ಆಗಿನಿಂದ 2013ರವರೆಗೆ ಅದರ ಬೆನ್ನು ಬಿಡದೆ ನೋಡಿದ್ದು ಟಿಐಎಫ್‌ಆರ್‌ನ ತಂಡ. ಬಳಸಿದ ದೂರದರ್ಶಕಗಳಲ್ಲಿ ಮುಖ್ಯವಾದುದು ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ. ಅದನ್ನು ತಿರುಗಿಸುವವರು ಕೂರುವುದು ಮಾತ್ರ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ತಾರಾಭೌತ ಸಂಸ್ಥೆಯ ಕೇಂದ್ರದಲ್ಲಿ. ಆಜ್ಞೆ ಉಪಗ್ರಹದ ಮೂಲಕ ಹಿಮಾಲಯಕ್ಕೆ ಹೋಗುತ್ತದೆ. ಸಂಜೆ ಹೊಸಕೋಟೆಯಲ್ಲಿ ದಮ್ ಬಿರಿಯಾನಿ ಉಂಡು ರಾತ್ರಿ ಲಡಾಖಿನ ಆಕಾಶ ನೋಡುವ ಭಾಗ್ಯ ಎಷ್ಟು ಜನಕ್ಕಿದೆ?

ಆ ಸಂಸ್ಥೆಗೂ ಹೈದರಾಬಾದಿಗೂ ಹಳೆಯ ನಂಟು. 1971ರಲ್ಲಿ ಅದನ್ನು ಕಟ್ಟಿದ ವೈನು ಬಾಪು ಬೆಳೆದದ್ದು ಇಲ್ಲಿ, ಓದಿದ್ದು ನಿಜಾಮ್ ಕಾಲೇಜಿನಲ್ಲಿ. ತಂದೆ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಖಗೋಳಜ್ಞರಾಗಿದ್ದರು. ನವಾಬ್ ಜಫರ್ ಜಂಗ್ 1901ರಲ್ಲಿ ಶುರು ಮಾಡಿದ ಆ ವೀಕ್ಷಣಾಲಯದ ಹದಿನೈದು ಅಂಗುಲದ ದೂರದರ್ಶಕವೇ ಹುಡುಗ ಬಾಪುವಿನ ಮೊದಲ ಪಾಠಶಾಲೆ. ಈಗ ಆ ಗುಮ್ಮಟದ ಸುತ್ತ ಊರಿನ ದೀಪ ಎಷ್ಟಿದೆಯೆಂದರೆ ಅಲ್ಲಿಂದ ಹಸುಳೆ ನಕ್ಷತ್ರವಿರಲಿ, ಮುದಿ ನಕ್ಷತ್ರವೂ ಕಾಣುವುದು ಕಷ್ಟ.

ಬೀಳುವ ಅನಿಲದ ಸ್ಥಿತಿಗತಿಯನ್ನು ಎಲ್ಲಕ್ಕಿಂತ ಹತ್ತಿರದಿಂದ ನೋಡಲು ಸಿಕ್ಕಿರುವುದು ಟಿಡಬ್ಲ್ಯು ಹೈಡ್ರೆ ಎಂಬ ನಕ್ಷತ್ರ. ದೂರ 196 ಜ್ಯೋತಿರ್ವರ್ಷ, ಈ ಜಾತಿಯಲ್ಲಿ ಅದೇ ನೆರೆಮನೆ. ಅದರ ತಟ್ಟೆ ನಮಗೆ ಅಗಲ ಮುಖ ತೋರಿಸಿ ನಿಂತಿದೆ, ಅಂದರೆ ನಾವು ಧ್ರುವದ ಮೇಲಿನಿಂದ, ಅನಿಲ ಸುರಿಯುವ ಬಾಯಿಗೇ ಇಣುಕಿ ನೋಡುತ್ತಿದ್ದೇವೆ. ಚಂದ್ರಶೇಖರ್ ಹೆಸರಿನ ಕ್ಷ-ಕಿರಣ ವೀಕ್ಷಣಾಲಯ 'ಚಂದ್ರ' 1999ರಲ್ಲಿ ಮೇಲೆ ಹೋದ ಮೇಲೆ ಇದರತ್ತ ತಿರುಗಿತು. ನಿಯಾನ್ ಪರಮಾಣುಗಳ ಗೆರೆಗಳಿಂದ ಆಘಾತದ ಹಿಂದಿನ ಅನಿಲದ ಉಷ್ಣತೆ ಸುಮಾರು ಮೂವತ್ತು ಲಕ್ಷ ಡಿಗ್ರಿ ಎಂದು ತಿಳಿಯಿತು. ದಟ್ಟಣೆಯೂ ಸಿದ್ಧಾಂತ ಹೇಳಿದಷ್ಟೇ ಬಂತು. ಎಲ್ಲರೂ ಬೆನ್ನು ತಟ್ಟಿಕೊಂಡರು. ಆಮೇಲೆ ಇನ್ನೂ ದೀರ್ಘವಾಗಿ, ಒಟ್ಟು ಐದೂವರೆ ದಿನಕ್ಕೂ ಮಿಕ್ಕು ನೋಡಿದಾಗ, 2010ರ ಹೊತ್ತಿಗೆ ಸುಕ್ಕು ಕಂಡಿತು. ಆಘಾತ ದಾಟಿದ ಅನಿಲ ತಣಿಯುತ್ತ ಹೋದಂತೆ ದಟ್ಟವಾಗಬೇಕು. ಆದರೆ ಕಡಿಮೆ ಬಿಸಿಯ ಆಮ್ಲಜನಕದ ಗೆರೆಗಳು ನಿಯಾನ್‌ಗಿಂತ ಕಡಿಮೆ ದಟ್ಟಣೆ ತೋರಿಸಿದವು. ಬಿದ್ದ ಅನಿಲ ಬಿದ್ದಲ್ಲೇ ಮುಗಿಯದೆ ಸುತ್ತಣ ವಾತಾವರಣವನ್ನೂ ಕಾಯಿಸಿ ಎಬ್ಬಿಸುತ್ತಿದೆ, ಆ ಬಿಸಿ ಹೊಗೆಯನ್ನೂ ನಾವು ನೋಡುತ್ತಿದ್ದೇವೆ ಎಂದು ಅದನ್ನು ಅರ್ಥ ಮಾಡಿಕೊಂಡರು. ಕಲ್ಲೊಂದು ಕೆರೆಗೆ ಬಿದ್ದರೆ ರಾಡಿ ಏಳುವುದಿಲ್ಲವೇ?

ಜಲಸಂಗಿಯ ಹುಡುಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. "ಮಾಮಾ, ಅದು ಬಿದ್ದದ್ದಕ್ಕ ಯಾರಿಗೂ ಏನೂ ಆಗಿಲ್ರೀ, ಸಾವಕಾಶ ಇಳದದ" ಎಂದಷ್ಟೇ ಅವನು ಹೇಳಿ ಇಟ್ಟ. ಪ್ಯಾರಾಚೂಟ್ ಮಾಡುವ ಕೆಲಸವೇ ಅದು, ಬೀಳುವ ಶಕ್ತಿಯನ್ನು ದಾರಿಯುದ್ದಕ್ಕೂ ಗಾಳಿಗೆ ಹಂಚುತ್ತ ಬರುವುದು. ಅದಿಲ್ಲದಿದ್ದರೆ ಕನ್ನಡಿ, ಸಂವೇದಕ ಎಲ್ಲ ಮೊದಲ ಹಾರಾಟಕ್ಕೇ ಪುಡಿ. ನೂರು ಸೆಂಟಿಮೀಟರಿನ ಆ ದೂರದರ್ಶಕ ವರ್ಷಗಟ್ಟಲೆ ಮತ್ತೆ ಮತ್ತೆ ಹಾರಿದ್ದು, ಬಿದ್ದ ಪ್ರತಿ ಸಲ ಯಾರದೋ ಹೊಲದಿಂದ ಅದನ್ನು ಎತ್ತಿ, ಲಾರಿಗೆ ಹಾಕಿ, ಹೈದರಾಬಾದಿಗೆ ತಂದು, ಒರೆಸಿ ಸರಿಪಡಿಸಿದ್ದರಿಂದ.

ಫೆಬ್ರವರಿ, ಮಾರ್ಚಿನ ನಡುರಾತ್ರಿ ಊರ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ಮುಖ ಮಾಡಿದರೆ ಟಿಡಬ್ಲ್ಯು ಹೈಡ್ರೆ ಇರುವ ಆಕಾಶದ ತುಂಡು ಸಿಗುತ್ತದೆ. ಬರಿಗಣ್ಣಿಗೆ ಕಾಣದು, ಆರು ಅಂಗುಲದ ದೂರದರ್ಶಕ ಬೇಕು. ಅಲ್ಲಿ ಸಿಗುವ ಬೆಳಕಿನ ಚುಕ್ಕಿ ಅಲ್ಲಿಂದ ಹೊರಟಾಗ ಮೂಸಿಗೆ ಗಂಡಿಪೇಟೆಯ ಅಣೆಕಟ್ಟು ಇರಲಿಲ್ಲ, ಹೈದರಾಬಾದಿಗೆ ರೈಲೂ ಬಂದಿರಲಿಲ್ಲ. ಆ ನಕ್ಷತ್ರ ಮುದಿಯಾಗುತ್ತಿರುವ ಹಸುಳೆ, ಕೋಟಿ ವರ್ಷದ ಹತ್ತಿರ ಬಂದಿದೆ, ಊಟವೂ ಕಡಿಮೆಯಾಗಿದೆ. ಹಾಗಿದ್ದೂ ಬೆಳಕು ನಮ್ಮ ಕಡೆಗೆ ದಾರಿ ನಡೆದ 196 ವರ್ಷಗಳಲ್ಲಿ ಅದರ ಮೇಲೆ ಸುಮಾರು ಮಂಗಳ ಗ್ರಹದಷ್ಟು ಅನಿಲ ಬಿದ್ದಿದೆ.